ಬಾಯಿಗೆ ಕಟ್ಟಿದ ಬಟ್ಟೆ

ಮನೆಯ ಬಾಗಿಲ ಹಿಂದಿನ ಮೊಳೆಗೆ ಬೀಗದ ಕೈಯನ್ನೂ ಕೊಡೆಯನ್ನೂ ತೂಗುಹಾಕುವುದು ನಮ್ಮಲ್ಲಿ ಹಳೆಯ ರೂಢಿ. 2020ನೆಯ ಇಸವಿಯಲ್ಲಿ ಆ ಮೊಳೆಗೆ ಇನ್ನೊಂದು ವಸ್ತುವು ಬಂದು ಸೇರಿತು. ಎರಡು ದಾರಗಳುಳ್ಳ ಅಂಗೈಯಗಲದ ಬಟ್ಟೆಯದು. ಮುಖಗವಸೆಂದು ಪತ್ರಿಕೆಗಳು ಬರೆದವು, ಮಾಸ್ಕೆಂದು ಜನರು ಕರೆದರು. ಈಗ ಅದು ಬಹುಮಟ್ಟಿಗೆ ಮೊಳೆಯಿಂದ ಇಳಿದು ಪೆಟ್ಟಿಗೆಯ ಮೂಲೆಗೆ ಸೇರಿದೆ. ಆದರೆ ಅದರ ವಿಷಯವಾಗಿ ಎದ್ದ ವಾದವು ಇನ್ನೂ ಪೂರ್ಣವಾಗಿ ಅಡಗಿಲ್ಲ. ಅದನ್ನು ಕಟ್ಟಿಕೊಂಡಿದ್ದು ಸಾರ್ಥಕವಾಯಿತೇ? ಕಟ್ಟಿಕೊಳ್ಳದವರನ್ನು ದಂಡಿಸಿದ್ದು ನ್ಯಾಯವೇ? ಒಂದೇ ಮನೆಯಲ್ಲಿ ಅಣ್ಣನೊಂದು ಪಕ್ಷ, ತಮ್ಮನೊಂದು ಪಕ್ಷವಾಗಿ ಈ ಪ್ರಶ್ನೆಯು ಇಂದಿಗೂ ಊಟದ ಹೊತ್ತಿನಲ್ಲಿ ತಲೆಯೆತ್ತುವುದುಂಟು.

ಈ ವಾದವು ಹೊಸದೆಂದು ಭಾವಿಸುವವರು ನಮ್ಮಲ್ಲಿ ಅನೇಕರು. ನೂರು ವರ್ಷಗಳಿಗೆ ಹಿಂದೆಯೇ, ಅಮೇರಿಕಾ ದೇಶದ ಪಶ್ಚಿಮ ಸಮುದ್ರತೀರದಲ್ಲಿರುವ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಇದೇ ಬಟ್ಟೆಗಾಗಿ ಸಭೆಗಳು ಸೇರಿದವು, ಕಾಯಿದೆಗಳು ಹುಟ್ಟಿದವು, ಗುಂಡುಗಳೂ ಹಾರಿದವು. ಆ ಕಥೆಯನ್ನು ವಾಚಕರ ಮುಂದಿಡಬೇಕೆಂದು ನಾವು ಉದ್ದೇಶಿಸಿದ್ದೇವೆ. ಪರರ ಮನೆಯ ಜಗಳವನ್ನು ಕೇಳಿ ನಗುವುದಕ್ಕಾಗಿ ಅಲ್ಲ. ನಮ್ಮ ಮನೆಯ ಜಗಳವನ್ನು ಅರಿತುಕೊಳ್ಳುವುದಕ್ಕಾಗಿ.

ಮೊದಲು ಈ ಬಟ್ಟೆಯ ಪೂರ್ವೋತ್ತರವನ್ನು ಸ್ವಲ್ಪ ತಿಳಿಯೋಣ. ಬಾಯಿಯ ಉಸಿರಿಗೆ ಅಡ್ಡಲಾಗಿ ಬಟ್ಟೆಯನ್ನಿಡುವ ಪದ್ಧತಿಯು ನಮ್ಮ ದೇಶಕ್ಕೆ ಅಪರಿಚಿತವಾದದ್ದಲ್ಲ. ಸ್ಥಾನಕವಾಸಿ ಜೈನ ಸಾಧುಗಳು ಸೂಕ್ಷ್ಮ ಜೀವಿಗಳಿಗೆ ತಮ್ಮ ಉಸಿರಿನಿಂದ ಹಿಂಸೆಯಾಗದಿರಲೆಂದು ಬಾಯಿಗೆ ಮುಹಪತ್ತಿಯನ್ನು ಕಟ್ಟಿಕೊಳ್ಳುವರು. ಪಾರಸಿಗಳ ಪುರೋಹಿತರು ಪವಿತ್ರಾಗ್ನಿಯ ಮುಂದೆ ನಿಲ್ಲುವಾಗ ತಮ್ಮ ಎಂಜಲುಸಿರು ಅದಕ್ಕೆ ತಗುಲದಂತೆ ಬಾಯಿಮೂಗುಗಳನ್ನು ಬಿಳಿಯ ವಸ್ತ್ರದಿಂದ ಮುಚ್ಚುವರು. ಈ ಎರಡು ಕಡೆಗಳಲ್ಲಿಯೂ ಒಂದು ಅಂಶವನ್ನು ಗಮನಿಸಬೇಕು. ಬಟ್ಟೆಯನ್ನು ಕಟ್ಟುವುದು ತನ್ನ ರಕ್ಷಣೆಗಾಗಿ ಅಲ್ಲ, ಎದುರಿಗಿರುವುದರ ರಕ್ಷಣೆಗಾಗಿ.

ವೈದ್ಯರ ಮುಖಕ್ಕೆ ಬಟ್ಟೆಯು ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಮಾತನಾಡುವಾಗ ಬಾಯಿಂದ ಸಿಡಿಯುವ ಕಣ್ಣಿಗೆ ಕಾಣದ ತುಂತುರುಗಳಲ್ಲಿ ರೋಗಾಣುಗಳಿರುವುವೆಂದು ಜರ್ಮನಿಯ ಫ್ಲುಗ್ಗೆ ಎಂಬ ಪಂಡಿತರು ತೋರಿಸಿಕೊಟ್ಟರು. 1897ರಲ್ಲಿ ಬ್ರೆಸ್ಲೌ ನಗರದ ಶಸ್ತ್ರವೈದ್ಯರಾದ ಮಿಕುಲಿಚ್ ಎಂಬವರು ಜಾಳು ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೆ ನಿಂತರು. ಇಲ್ಲಿಯೂ ಆ ಬಟ್ಟೆಯು ರೋಗಿಯ ಗಾಯವನ್ನು ಕಾಯುವುದಕ್ಕೇ ಹೊರತು ವೈದ್ಯನನ್ನು ಕಾಯುವುದಕ್ಕಲ್ಲ.

ಅದು ಆಸ್ಪತ್ರೆಯಿಂದ ಹೊರಬಿದ್ದುದು ಮಂಚೂರಿಯಾ ದೇಶದಲ್ಲಿ. 1910ರ ಕೊನೆಯಲ್ಲಿ ಅಲ್ಲಿ ಪುಪ್ಪುಸವನ್ನು ಹಿಡಿಯುವ ಪ್ಲೇಗು ಹಬ್ಬಿತು. ಈ ಜಾತಿಯ ಪ್ಲೇಗು ತಗುಲಿದವರಲ್ಲಿ ಬದುಕಿದವರು ಇಲ್ಲವೆಂದೇ ಹೇಳಬೇಕು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ ವೂ ಲಿಯೆನ್‌ತೆ ಎಂಬ ತರುಣ ವೈದ್ಯರನ್ನು ಚೀನಾ ಸರ್ಕಾರವು ಹಾರ್ಬಿನ್ ಪಟ್ಟಣಕ್ಕೆ ಕಳುಹಿಸಿತು. ಈ ರೋಗವು ಇಲಿಯ ಚಿಗಟದಿಂದಲ್ಲ, ಮನುಷ್ಯನ ಕೆಮ್ಮಿನಿಂದ ಹರಡುತ್ತಿದೆಯೆಂದು ಅವರು ನಿಶ್ಚಯಿಸಿ, ಹತ್ತಿಯನ್ನಿಟ್ಟು ಮಡಿಸಿದ ಬಟ್ಟೆಯನ್ನು ಎಲ್ಲರೂ ಬಾಯಿಮೂಗಿಗೆ ಕಟ್ಟಬೇಕೆಂದು ವಿಧಿಸಿದರು. ಅವರಿಗಿಂತ ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ಹಿರಿಯರಾದ ಮೆಸ್ನಿ ಎಂಬ ಫ್ರೆಂಚ್ ವೈದ್ಯರು ಈ ಮಾತನ್ನು ತಿರಸ್ಕರಿಸಿ, ಮುಖವನ್ನು ಮುಚ್ಚದೆಯೇ ರೋಗಿಗಳ ಬಳಿಗೆ ಹೋದರು. ಕೆಲವೇ ದಿನಗಳಲ್ಲಿ ಅದೇ ರೋಗದಿಂದ ಮೃತರಾದರು. ಸುಮಾರು 60,000 ಜನರನ್ನು ಬಲಿತೆಗೆದುಕೊಂಡ ಆ ಮಾರಿಯು 1911ರ ವಸಂತಕಾಲದ ವೇಳೆಗೆ ಅಡಗಿತು. ಬಟ್ಟೆಯೊಂದೇ ಅದನ್ನು ಅಡಗಿಸಲಿಲ್ಲ; ರೋಗಿಗಳನ್ನು ಬೇರೆಯಿಟ್ಟುದು, ಪ್ರಯಾಣವನ್ನು ತಡೆದುದು, ಶವಗಳನ್ನು ಸುಟ್ಟುದು ಎಲ್ಲವೂ ಸೇರಿ ಅಡಗಿಸಿದವು. ಆದರೂ ಬಟ್ಟೆಯ ಕೀರ್ತಿಯು ಲೋಕಕ್ಕೆಲ್ಲ ಹಬ್ಬಿತು.

ಈ ಕೀರ್ತಿಯನ್ನು ಹೊತ್ತುಕೊಂಡೇ ಅದು 1918ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರವನ್ನು ಹೊಕ್ಕಿತು. ಅದು ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ. ಇನ್‌ಫ್ಲುಯೆಂಜಾ ಜ್ವರವು ಭೂಮಂಡಲವನ್ನೆಲ್ಲ ಸುತ್ತುತ್ತಿದ್ದಿತು. ನಮ್ಮ ದೇಶಕ್ಕೆ ಅದು ಬೊಂಬಾಯಿಯ ಬಂದರಿನ ಮೂಲಕ ಬಂದು, ಒಂದು ಕೋಟಿಗೂ ಮಿಕ್ಕ ಜನರನ್ನು ಕೊಂಡೊಯ್ದಿತು. ಮೈಸೂರು ಸಂಸ್ಥಾನವೂ ಆ ಬೇಗೆಯಿಂದ ತಪ್ಪಿಸಿಕೊಳ್ಳಲಿಲ್ಲ. ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಆಗ ಸುಮಾರು ಐದು ಲಕ್ಷ ಜನರಿದ್ದರು. ಸೆಪ್ಟೆಂಬರಿನ ಕೊನೆಯಲ್ಲಿ ತಲೆದೋರಿದ ಜ್ವರವು ಅಕ್ಟೋಬರಿನಲ್ಲಿ ಕಾಡ್ಗಿಚ್ಚಿನಂತೆ ಹರಡಿತು. ಶಾಲೆಗಳೂ ನಾಟಕಶಾಲೆಗಳೂ ಮುಚ್ಚಿದವು.

ನಗರದ ಆರೋಗ್ಯಾಧಿಕಾರಿಗಳಾದ ಡಾಕ್ಟರ್ ಹ್ಯಾಸ್ಲರರು ಮುಖಗವಸಿನಲ್ಲಿ ದೃಢವಾದ ನಂಬಿಕೆಯುಳ್ಳವರು. ಮೊದಲು ಕ್ಷೌರಿಕರು, ಆಮೇಲೆ ಹೋಟೆಲಿನ ನೌಕರರು, ಬ್ಯಾಂಕಿನ ಗುಮಾಸ್ತರು, ಅಂಗಡಿಯವರು ಎಂದು ಒಬ್ಬೊಬ್ಬರಿಗೇ ಅದನ್ನು ವಿಧಿಸುತ್ತ ಬಂದರು. ಅಕ್ಟೋಬರ್ 24ರಂದು ನಗರಸಭೆಯು ಕಾಯಿದೆಯನ್ನೇ ಅಂಗೀಕರಿಸಿತು. ಬೀದಿಯಲ್ಲಿ ಕಾಣಿಸಿಕೊಳ್ಳುವ ಪ್ರತಿಯೊಬ್ಬನೂ ನಾಲ್ಕು ಪದರದ ಬಟ್ಟೆಯನ್ನು ಬಾಯಿಮೂಗುಗಳಿಗೆ ಕಟ್ಟಿರಬೇಕು. ಊಟಮಾಡುವಾಗ ಮಾತ್ರ ಬಿಚ್ಚಬಹುದು. ತಪ್ಪಿದವರಿಗೆ 5ರಿಂದ 100 ಡಾಲರುಗಳವರೆಗೆ ದಂಡ, ಇಲ್ಲವೇ ಹತ್ತು ದಿನಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ರೆಡ್‌ಕ್ರಾಸ್ ಸಂಘದ ಸ್ತ್ರೀಯರು ಹಗಲಿರುಳು ಕುಳಿತು ಹೊಲಿದರು. ಕೆಲವೇ ದಿನಗಳಲ್ಲಿ ಲಕ್ಷಕ್ಕೆ ಮೇಲ್ಪಟ್ಟು ಬಟ್ಟೆಗಳು ಹಂಚಲ್ಪಟ್ಟವು. ಈ ಬಟ್ಟೆಯು ಇನ್‌ಫ್ಲುಯೆಂಜಾವನ್ನು ನೂರಕ್ಕೆ 99 ಪಾಲು ತಡೆಯುವುದೆಂದು ವೃತ್ತಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಪ್ರಕಟವಾಯಿತು.

ಈ 99ರ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದಿನ ಅನರ್ಥದ ಬೀಜವು ಅದರಲ್ಲಿಯೇ ಇದ್ದಿತು.

ಮೊದಮೊದಲು ಜನರು ಶ್ರದ್ಧೆಯಿಂದಲೇ ಕಟ್ಟಿದರು. ದೇಶವು ಯುದ್ಧದಲ್ಲಿದ್ದುದರಿಂದ, ಕಟ್ಟದವನು ಕರ್ತವ್ಯದಿಂದ ಜಾರಿಕೊಂಡವನೆಂಬ ಅಪವಾದವೂ ಸೇರಿತು. ಕೆಲವರು ಗದ್ದಕ್ಕೆ ಇಳಿಬಿಟ್ಟರು. ಕೆಲವರು ಚುಟ್ಟಾ ಸೇದುವುದಕ್ಕಾಗಿ ನಡುವೆ ತೂತನ್ನು ಕೊರೆದರು. ಅಕ್ಟೋಬರ್ 27ನೆಯ ದಿನವೊಂದರಲ್ಲಿಯೇ ಪೊಲೀಸರು 110 ಜನರನ್ನು ಹಿಡಿದರು. ಮರುದಿನ ಪೇಟೆಯ ಬೀದಿಯಲ್ಲಿ ಒಬ್ಬ ಕಮ್ಮಾರನು ನಿಂತು, ಇದೆಲ್ಲ ಬೂಟಾಟಿಕೆ, ಬಿಚ್ಚಿ ಬಿಸಾಡಿರೆಂದು ಜನರಿಗೆ ಕೂಗಿ ಹೇಳುತ್ತಿದ್ದನು. ಆರೋಗ್ಯ ಇಲಾಖೆಯ ತನಿಖೆಗಾರನೊಬ್ಬನು ಅವನನ್ನು ಔಷಧದ ಅಂಗಡಿಗೆ ಕರೆದೊಯ್ದು ಬಟ್ಟೆಯನ್ನು ಕಟ್ಟಿಕೊಳ್ಳೆಂದನು. ಮಾತಿಗೆ ಮಾತು ಬೆಳೆದು ಕೈಕೈ ಮಿಲಾಯಿಸಿತು. ತನಿಖೆಗಾರನು ಪಿಸ್ತೂಲನ್ನು ಹಾರಿಸಿದನು. ಕಮ್ಮಾರನಿಗೂ ದಾರಿಯಲ್ಲಿದ್ದ ಇಬ್ಬರಿಗೂ ಗಾಯಗಳಾದವು. ಜೀವವನ್ನು ಉಳಿಸುವುದಕ್ಕೆಂದು ಹುಟ್ಟಿದ ನಿಯಮದ ಹೆಸರಿನಲ್ಲಿ ಜೀವಕ್ಕೇ ಕೈಹಾಕುವಷ್ಟು ದೂರ ಸಂಗತಿಯು ಹೋಗಿದ್ದಿತು.

ನವೆಂಬರ್ 11ರಂದು ಯುದ್ಧವು ನಿಂತಿತು. ಬಟ್ಟೆ ಕಟ್ಟಿದ ಮುಖಗಳ ಜನಸಾಗರವು ಬೀದಿಗಳಲ್ಲಿ ಕುಣಿಯಿತು. ಆ ತಿಂಗಳಿನಲ್ಲಿಯೇ ಒಂದು ಮುಷ್ಟಿಯುದ್ಧದ ಪಂದ್ಯವು ನಡೆಯಿತು. ಅಲ್ಲಿ ತೆಗೆದ ಛಾಯಾಚಿತ್ರದಲ್ಲಿ ಮುಂದಿನ ಸಾಲುಗಳಲ್ಲಿ ಬರಿಯ ಮುಖಗಳು ಕಂಡವು. ಯಾರ ಮುಖಗಳು? ನಗರಸಭೆಯ ಸದಸ್ಯರವು, ಮೇಯರ್ ರಾಲ್ಫರದು, ಸ್ವತಃ ಡಾಕ್ಟರ್ ಹ್ಯಾಸ್ಲರರದು! ಹ್ಯಾಸ್ಲರರು 5 ಡಾಲರ್ ದಂಡವನ್ನು ತೆತ್ತರು. ಮೇಯರರು 50 ಡಾಲರುಗಳನ್ನು ಕೊಟ್ಟು ಕೈತೊಳೆದುಕೊಂಡರು. ಸೆರೆವಾಸವು ಮಾತ್ರ ಯಾರಿಗೂ ಆಗಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ನಮ್ಮ ಗಾದೆಯು ಆ ಊರಿನವರಿಗೆ ತಿಳಿದಿರಲಾರದು. ಅದರ ಅರ್ಥವಂತೂ ಚೆನ್ನಾಗಿ ತಿಳಿಯಿತು.

ಜ್ವರವು ಇಳಿಯಿತು. ನವೆಂಬರ್ 21ರ ಮಧ್ಯಾಹ್ನ ಹನ್ನೆರಡು ಗಂಟೆಗೆ ಊರಿನ ಶಂಖಧ್ವನಿಗಳೆಲ್ಲ ಏಕಕಾಲದಲ್ಲಿ ಮೊಳಗಿದವು. ಬಟ್ಟೆಯನ್ನು ಬಿಚ್ಚಬಹುದೆಂಬುದಕ್ಕೆ ಅದೇ ಸಂಕೇತ. ಜನರು ಅದನ್ನು ಕಿತ್ತು ಬೀದಿಗೆ ಎಸೆದರು. ಹಾದಿಗಳೆಲ್ಲ ಬಿಳಿಯ ಚಿಂದಿಗಳಿಂದ ತುಂಬಿಹೋದವು. ನಗರವು ಗೆದ್ದಿತೆಂದೂ ಬಟ್ಟೆಯೇ ಗೆಲ್ಲಿಸಿತೆಂದೂ ಅಧಿಕಾರಿಗಳು ಸಾರಿದರು. ಆದರೆ ಡಿಸೆಂಬರಿನಲ್ಲಿ ಜ್ವರವು ಮರಳಿ ತಲೆಯೆತ್ತಿತು. ಹ್ಯಾಸ್ಲರರು ಬಟ್ಟೆಯನ್ನು ಮತ್ತೆ ಕಟ್ಟಬೇಕೆಂದರು. ಕ್ರಿಸ್‌ಮಸ್ ಹಬ್ಬದ ವ್ಯಾಪಾರವು ಕೆಡುವುದೆಂದು ವರ್ತಕರು ಗೊಣಗಿದರು. ಇದು ವ್ಯಕ್ತಿಸ್ವಾತಂತ್ರ್ಯಕ್ಕೆ ಭಂಗವೆಂದು ಮತ್ತೆ ಕೆಲವರು ವಾದಿಸಿದರು. ಆ ತಿಂಗಳು ಹ್ಯಾಸ್ಲರರ ಹೆಸರಿಗೆ ಒಂದು ಬಾಂಬು ಸಹ ಬಂದಿತು. ಪುಣ್ಯವಶಾತ್ ಅದು ಸಿಡಿಯಲಿಲ್ಲ. ನಗರಸಭೆಯು ಮೊದಲು ನಿರಾಕರಿಸಿತು. ಜನವರಿಯಲ್ಲಿ ಜ್ವರವು ಏರಲು, ಕೊನೆಗೆ ಒಪ್ಪಿತು. 1919ರ ಜನವರಿ 17ರಿಂದ ಬಟ್ಟೆಯು ಪುನಃ ಮುಖಕ್ಕೇರಿತು.

ಈ ಸಲ ಜನರು ಮೊದಲಿನಂತಿರಲಿಲ್ಲ. ಮುಖಗವಸು ವಿರೋಧಿ ಸಂಘವೊಂದು ಸ್ಥಾಪಿತವಾಯಿತು. ಅದರ ಅಧ್ಯಕ್ಷರು ಶ್ರೀಮತಿ ಹ್ಯಾರಿಂಗ್ಟನ್ ಎಂಬ ನ್ಯಾಯವಾದಿಗಳು. ಸ್ತ್ರೀಯರ ಮತದಾನದ ಹಕ್ಕಿಗಾಗಿ ದುಡಿದವರು, ಮೇಯರರ ಕಟು ವಿಮರ್ಶಕರು. ಜನವರಿ 25ರಂದು ಡ್ರೀಮ್‌ಲ್ಯಾಂಡ್ ಎಂಬ ವಿಶಾಲವಾದ ಮಂದಿರದಲ್ಲಿ ಈ ಸಂಘದ ಸಭೆಯು ಸೇರಿತು. ಎರಡು ಸಾವಿರಕ್ಕೂ ಮಿಕ್ಕ ಜನರು ಬಂದಿದ್ದರು. ಅವರಲ್ಲಿ ಕೆಲವರು ವೈದ್ಯರೂ ಇದ್ದರು. ಸಂಘದೊಳಗೂ ಒಮ್ಮತವಿರಲಿಲ್ಲ. ಮನವಿಯನ್ನು ಸಲ್ಲಿಸೋಣವೆಂದು ಕೆಲವರು, ಆರೋಗ್ಯಾಧಿಕಾರಿಯನ್ನೇ ತೆಗೆದುಹಾಕಿಸೋಣವೆಂದು ಕೆಲವರು. ಅಷ್ಟರಲ್ಲಿ ಜ್ವರವು ತಾನಾಗಿ ಇಳಿಯತೊಡಗಿತು. ಫೆಬ್ರವರಿ 1ರಂದು ಕಾಯಿದೆಯು ರದ್ದಾಯಿತು. ಒಟ್ಟು ಆ ನಗರದಲ್ಲಿ ಸುಮಾರು 45,000 ಜನರಿಗೆ ಜ್ವರವು ತಗುಲಿ, 3,000ಕ್ಕೂ ಹೆಚ್ಚು ಮಂದಿ ಮೃತರಾಗಿದ್ದರು. ಬಟ್ಟೆಗಾಗಿ ಇಷ್ಟೆಲ್ಲ ಹೆಣಗಾಡಿದ ನಗರವು, ಸಾವಿನ ಲೆಕ್ಕದಲ್ಲಿ ಅಮೇರಿಕಾದ ದೊಡ್ಡ ನಗರಗಳೊಳಗೆ ಹೆಚ್ಚು ನೊಂದವುಗಳ ಸಾಲಿಗೇ ಸೇರಿತು.

ಹಾಗಾದರೆ ವಿರೋಧಿಗಳ ಮಾತೇ ಸರಿಯಾಯಿತೇ? ಅವಸರದಿಂದ ಉತ್ತರ ಹೇಳುವುದು ತರವಲ್ಲ. ಕ್ಯಾಲಿಫೋರ್ನಿಯಾ ಸಂಸ್ಥಾನದ ಆರೋಗ್ಯ ಮಂಡಲಿಯ ಕಾರ್ಯದರ್ಶಿಗಳಾಗಿದ್ದ ಡಾಕ್ಟರ್ ಕೆಲ್ಲಾಗ್ ಎಂಬವರು ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದರು. ಗ್ರೇಸ್ ಮ್ಯಾಕ್‌ಮಿಲನ್ ಎಂಬ ಸಹೋದ್ಯೋಗಿಯೊಡನೆ ಅವರು 1920ರಲ್ಲಿ ತಮ್ಮ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ರೋಗಾಣುಗಳುಳ್ಳ ತುಂತುರುಗಳನ್ನು ಜಾಳು ಬಟ್ಟೆಯು ಒಂದು ಮಟ್ಟಿಗೆ ತಡೆಯುವುದು ದಿಟ. ಆದರೆ ಚೆನ್ನಾಗಿ ತಡೆಯಬೇಕಾದರೆ ಪದರಗಳನ್ನು ಹೆಚ್ಚಿಸಬೇಕು. ಹೆಚ್ಚಿಸಿದರೆ ಉಸಿರಾಡುವುದು ಕಷ್ಟ, ಉಸಿರು ಅಂಚುಗಳಿಂದ ನುಗ್ಗಿ ಹೋಗುವುದು. ಆದ್ದರಿಂದ ಜನರೆಲ್ಲರಿಗೂ ಕಡ್ಡಾಯಮಾಡುವಷ್ಟು ಪ್ರಯೋಜನವು ಇದರಿಂದ ಸಿದ್ಧವಾಗಿಲ್ಲವೆಂದು ಅವರು ಬರೆದರು. ತಮ್ಮ ಕಡೆಯವರೇ ಎತ್ತಿಹಿಡಿದ ಕ್ರಮವನ್ನು ಹೀಗೆ ತೂಗಿ ನೋಡಿ ನಿಜವನ್ನಾಡಿದ ಅವರ ಸತ್ಯನಿಷ್ಠೆಯನ್ನು ಮೆಚ್ಚಬೇಕು.

ಅವರ ಬರಹದಲ್ಲಿ ಇನ್ನೊಂದು ಮಾತಿದೆ. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು ಅದರಲ್ಲಿಯೇ ಇರುವುದು. ಕಡ್ಡಾಯವು ಬಂದಾಗ ಜನರು ಬಟ್ಟೆಯನ್ನು ಎಲ್ಲಿ ಕಟ್ಟಿದರು? ಗಾಳಿ ಬೆಳಕುಗಳು ಧಾರಾಳವಾಗಿರುವ ಬೀದಿಯಲ್ಲಿ, ಮೋಟಾರಿನಲ್ಲಿ. ಎಲ್ಲಿ ಬಿಚ್ಚಿದರು? ಕಚೇರಿಯ ಕೊಠಡಿಯಲ್ಲಿ, ಗೆಳೆಯರ ಗೋಷ್ಠಿಯಲ್ಲಿ. ಎಂದರೆ ರೋಗವು ಒಬ್ಬರಿಂದೊಬ್ಬರಿಗೆ ದಾಟುವ ಸ್ಥಳಗಳಲ್ಲಿಯೇ. ಕಾರಣವು ಸ್ಪಷ್ಟವಾಗಿದೆ. ಬೀದಿಯಲ್ಲಿ ಪೊಲೀಸನಿದ್ದನು, ಕೊಠಡಿಯಲ್ಲಿರಲಿಲ್ಲ. ಬಟ್ಟೆಯನ್ನು ಪೊಲೀಸನಿಗಾಗಿ ಕಟ್ಟಿದರೇ ಹೊರತು ನೆರೆಯವನಿಗಾಗಿ ಕಟ್ಟಲಿಲ್ಲ.

ಈಗ ನಮ್ಮ ನಾಡಿಗೆ ಬರೋಣ. 2020ರ ಮಾರ್ಚಿಯಲ್ಲಿ ಭಾರತದ ಮೊದಲನೆಯ ಕೊರೋನಾ ಸಾವು ನಮ್ಮ ಕಲಬುರಗಿಯಲ್ಲಿಯೇ ಸಂಭವಿಸಿತು. ಆರಂಭದಲ್ಲಿ ಆರೋಗ್ಯವಂತರಿಗೆ ಮುಖಗವಸು ಬೇಕಿಲ್ಲವೆಂದು ದೊಡ್ಡವರು ಹೇಳಿದರು. ಏಪ್ರಿಲಿನಲ್ಲಿ ಭಾರತ ಸರ್ಕಾರವು ಮನೆಯಲ್ಲಿ ಹೊಲಿದ ಬಟ್ಟೆಯನ್ನಾದರೂ ಕಟ್ಟಿಕೊಳ್ಳಿರೆಂದಿತು. ಜೂನ್ 5ರಂದು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಸಲಹೆಯನ್ನು ಬದಲಾಯಿಸಿತು. ಹೊಸ ರೋಗದ ವಿಷಯದಲ್ಲಿ ತಿಳಿವಳಿಕೆಯು ಬೆಳೆದಂತೆ ಸಲಹೆಯು ಬದಲಾಗುವುದು ತಪ್ಪಲ್ಲ. ಆದರೆ ಮೊದಲಿನ ಮಾತನ್ನು ಅಷ್ಟೊಂದು ಖಚಿತವಾಗಿ ಆಡದಿದ್ದರೆ, ಎರಡನೆಯ ಮಾತನ್ನು ಜನರು ಸಂಶಯದಿಂದ ನೋಡುತ್ತಿರಲಿಲ್ಲ.

ಆ ವರ್ಷದ ಸೆಪ್ಟೆಂಬರ್ ಅಕ್ಟೋಬರುಗಳ ಸಂಧಿಯಲ್ಲಿ ಕರ್ನಾಟಕ ಸರ್ಕಾರವು ಮುಖಗವಸಿಲ್ಲದವರಿಗೆ ಪಟ್ಟಣಗಳಲ್ಲಿ 1,000 ರೂಪಾಯಿ, ಹಳ್ಳಿಗಳಲ್ಲಿ 500 ರೂಪಾಯಿ ದಂಡವನ್ನು ಗೊತ್ತುಮಾಡಿತು. ಕೂಲಿಯಿಲ್ಲದೆ ಕೈಕಟ್ಟಿ ಕುಳಿತ ಸಂಸಾರಗಳಿಗೆ ಸಾವಿರ ರೂಪಾಯಿಯೆಂಬುದು ಎಷ್ಟು ದಿನಗಳ ಅಕ್ಕಿಬೇಳೆಯೆಂಬುದನ್ನು ಮನೆಯ ಲೆಕ್ಕವನ್ನಿಡುವ ಗೃಹಿಣಿಯರಿಗೆ ನಾವು ಹೇಳಬೇಕಾಗಿಲ್ಲ. ಜನರು ಕೂಗಿಟ್ಟರು. ಒಂದು ವಾರವೋ ಏನೋ ಆಗುವಷ್ಟರಲ್ಲಿ ದಂಡವು ಕ್ರಮವಾಗಿ 250 ಮತ್ತು 100 ರೂಪಾಯಿಗಳಿಗೆ ಇಳಿಯಿತು. ಬೆಂಗಳೂರಿನ ಚೌಕಗಳಲ್ಲಿ ಮಾರ್ಷಲರು ರಸೀತಿ ಪುಸ್ತಕವನ್ನು ಹಿಡಿದು ನಿಂತಿದ್ದರು. ಅವರನ್ನು ಕಂಡೊಡನೆ ಗದ್ದದ ಬಟ್ಟೆಯು ಮೂಗಿಗೇರುವುದು, ಅವರು ಮರೆಯಾದೊಡನೆ ಮೂಗಿನದು ಗದ್ದಕ್ಕಿಳಿಯುವುದು, ಇದನ್ನು ನಾವೆಲ್ಲರೂ ಕಂಡಿದ್ದೇವೆ. ನಿಜವನ್ನು ಹೇಳಬೇಕಾದರೆ ನಾವೂ ಮಾಡಿದ್ದೇವೆ. ಅತ್ತ ಮದುವೆಯ ಮನೆಗಳಲ್ಲಿ, ಚುನಾವಣೆಯ ಸಭೆಗಳಲ್ಲಿ ಬರಿಯ ಮುಖಗಳೇ ತುಂಬಿರುತ್ತಿದ್ದವು. ನೂರು ವರ್ಷಗಳು ಕಳೆದಿದ್ದರೂ ಕೆಲ್ಲಾಗರ ಮಾತು ಹಳತಾಗಿರಲಿಲ್ಲ.

ಆದರೆ ಈ ಸಲ ನೆರೆಯ ಬಂಗ್ಲಾದೇಶದಲ್ಲಿ ಒಂದು ದೊಡ್ಡ ಪರೀಕ್ಷೆಯು ನಡೆಯಿತು. ಸುಮಾರು 600 ಹಳ್ಳಿಗಳು, ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರು ಅದರಲ್ಲಿ ಒಳಗೊಂಡಿದ್ದರು. ಅರ್ಧದಷ್ಟು ಹಳ್ಳಿಗಳಲ್ಲಿ ಮುಖಗವಸುಗಳನ್ನು ಬಿಟ್ಟಿಯಾಗಿ ಹಂಚಿದರು. ಅದರ ಉಪಯೋಗವನ್ನು ತಿಳಿಸಿ ಹೇಳಿದರು. ಕಟ್ಟದವರನ್ನು ಕಂಡಾಗ ದಂಡಿಸದೆ ಮೃದುವಾಗಿ ನೆನಪಿಸಿದರು. ಊರಿನ ಹಿರಿಯರೂ ಮಸೀದಿಯ ಇಮಾಮರೂ ತಾವೇ ಮೊದಲು ಕಟ್ಟಿ ತೋರಿಸಿದರು. ಅಲ್ಲಿ ಕಟ್ಟುವವರ ಸಂಖ್ಯೆಯು ನೂರಕ್ಕೆ 13ರಿಂದ 42ಕ್ಕೆ ಏರಿತು. ರೋಗಲಕ್ಷಣಗಳೊಡನೆ ಸೋಂಕು ತಗುಲಿದವರ ಸಂಖ್ಯೆಯು ಸುಮಾರು ನೂರಕ್ಕೆ 9ರಷ್ಟು ತಗ್ಗಿತು. ಆಸ್ಪತ್ರೆಯ ಮಾದರಿಯ ಗವಸುಗಳನ್ನು ಹಂಚಿದ ಹಳ್ಳಿಗಳಲ್ಲಿ ಅರವತ್ತು ದಾಟಿದ ವೃದ್ಧರಿಗೆ ಅದರ ಲಾಭವು ಇನ್ನೂ ಹೆಚ್ಚು, ಸುಮಾರು ನೂರಕ್ಕೆ 35. ಸಾಧಾರಣ ಬಟ್ಟೆಯ ಗವಸಿನ ಫಲವು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. 2023ರಲ್ಲಿ ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯು, ದೊರೆತ ಆಧಾರಗಳಿಂದ ದೃಢವಾದ ನಿರ್ಣಯಕ್ಕೆ ಬರಲಾಗದೆಂದಿತು. ಅದನ್ನು ಮುಖಗವಸು ನಿಷ್ಪ್ರಯೋಜಕವೆಂದು ಅರ್ಥಮಾಡುವುದು ತಪ್ಪೆಂದು ಸಂಸ್ಥೆಯ ಪ್ರಧಾನ ಸಂಪಾದಕರೇ ಸ್ಪಷ್ಟಪಡಿಸಬೇಕಾಯಿತು.

ಇವೆಲ್ಲವನ್ನೂ ಸೇರಿಸಿ ನೋಡಿದರೆ ನಮಗೆ ತೋರುವುದಿಷ್ಟು. ಈ ಬಟ್ಟೆಯು ಸಂಜೀವಿನಿಯಲ್ಲ, ಬೂಟಾಟಿಕೆಯೂ ಅಲ್ಲ. ಮಳೆಯಲ್ಲಿ ಹಿಡಿಯುವ ಕೊಡೆಯಂತೆ ಅದೊಂದು ಸಾಧಾರಣ ಉಪಕಾರಿ. ಕೊಡೆ ಹಿಡಿದವನ ಕಾಲು ನೆನೆಯುವುದು; ಅದರಿಂದ ಕೊಡೆಯು ಸುಳ್ಳಾಗುವುದಿಲ್ಲ. ಆದರೆ ಕೊಡೆ ಮಾರುವವನು, ಒಂದು ಹನಿಯೂ ತಾಗದೆಂದು ಆಣೆಯಿಟ್ಟಿದ್ದರೆ, ನೆನೆದು ಬಂದವನು ಕೊಡೆಯನ್ನು ಮುರಿದು ಹಾಕಿದರೆ ಆಶ್ಚರ್ಯವೇನು? 99ರ ಅಂಕಿಯು ಮಾಡಿದ ಕೇಡು ಇದೇ. ನೂರಕ್ಕೆ ಹತ್ತು ಹದಿನೈದರ ಸತ್ಯವನ್ನು ಹೇಳಿದ್ದರೆ ಜನರು ಕಟ್ಟುತ್ತಿರಲಿಲ್ಲವೆಂದು ಅಧಿಕಾರಿಗಳು ಅಂಜಿದರೆಂದು ತೋರುವುದು. ನಮ್ಮ ಎಣಿಕೆಯು ಬೇರೆ. ನೂರು ಮನೆಗಳಿಗೆ ಬರುವ ರೋಗವು ಹತ್ತು ಮನೆಗಳನ್ನು ಬಿಟ್ಟು ಹೋಗುವುದೆಂದರೆ, ಆ ಹತ್ತರಲ್ಲಿ ಒಂದು ನಮ್ಮದಾಗಿರಬಹುದೆಂಬ ವಿವೇಕವು ಸಾಮಾನ್ಯ ಜನರಿಗೆ ಇಲ್ಲದಿಲ್ಲ.

ವಿರೋಧಿಸಿದವರನ್ನೆಲ್ಲ ಮೂರ್ಖರೆಂದು ಕರೆಯುವುದೂ ಯುಕ್ತವಲ್ಲ. ಉಬ್ಬಸದಿಂದ ನರಳುವವರು, ತುಟಿಯ ಚಲನೆಯನ್ನು ನೋಡಿಯೇ ಮಾತನ್ನು ತಿಳಿಯಬೇಕಾದ ಕಿವುಡರು, ಗುರುಗಳ ಮುಖವನ್ನು ನೋಡಿ ಅಕ್ಷರವನ್ನು ಕಲಿಯುವ ಎಳೆಯರು, ಇವರ ಕಷ್ಟಗಳು ಕಲ್ಪಿತವಾದವುಗಳಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದ್ದಿತು. ತನ್ನ ಮುಖವು ತನ್ನದೆಂಬ ಅಭಿಮಾನವೂ ಅಲ್ಪವಾದುದಲ್ಲ. ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ಒಡೆಯನ ಮುಂದೆ ಆಳು ಬಾಯಿಗೆ ಕೈಯನ್ನು ಅಡ್ಡವಿಟ್ಟು ಮಾತನಾಡಬೇಕಾಗಿದ್ದಿತು. ಅದನ್ನು ಆಳು ಮರೆಯಲಾರನು. ಬಲಾತ್ಕಾರದಿಂದ ಮುಚ್ಚಿಸಿದ ಬಾಯಿಯು ಅವಮಾನವನ್ನು ನೆನೆಯುವುದು. ತಾನಾಗಿ ಮುಚ್ಚಿದ ಬಾಯಿಯು ದಯೆಯನ್ನು ನೆನೆಯುವುದು. ಬಟ್ಟೆಯು ಒಂದೇ, ಅರ್ಥವು ಎರಡು.

ಮಾರಿಯು ಮತ್ತೊಮ್ಮೆ ಬರಲಾರದೆಂದು ಯಾರೂ ಹೇಳಲಾರರು. ಬಂದಾಗ ಆಳುವವರು ಏನು ಮಾಡಬೇಕೆಂಬುದನ್ನು ಸಾನ್‌ಫ್ರಾನ್ಸಿಸ್ಕೋ ನಗರವೂ ಬಂಗ್ಲಾದೇಶದ ಹಳ್ಳಿಗಳೂ ಕಲಿಸಿವೆ. ನಿಜವನ್ನೇ ಹೇಳಲಿ, ಬಿಟ್ಟಿಯಾಗಿ ಹಂಚಲಿ, ಮೊದಲು ತಮ್ಮ ಮುಖಕ್ಕೆ ಕಟ್ಟಲಿ. ಮನೆಯವರಾದ ನಮಗೆ ಅಷ್ಟು ದೂರದ ಕಾಲವನ್ನು ಕಾಯಬೇಕಾಗಿಲ್ಲ. ನೆಗಡಿ ಕೆಮ್ಮುಗಳು ಮನೆಗೆ ಪ್ರತಿ ಮಳೆಗಾಲದಲ್ಲಿಯೂ ಬರುವ ಅತಿಥಿಗಳು. ಕೆಮ್ಮುತ್ತಿರುವಾಗ ಬಾಣಂತಿಯ ಕೋಣೆಗೆ ಕೂಸನ್ನು ನೋಡಲು ಹೋಗಬೇಕಾದರೆ, ಹಾಸಿಗೆ ಹಿಡಿದ ಅಜ್ಜಿಗೆ ಗಂಜಿಯನ್ನು ಕುಡಿಸಬೇಕಾದರೆ, ಆಸ್ಪತ್ರೆಯಲ್ಲಿರುವ ಬಂಧುವನ್ನು ವಿಚಾರಿಸಬೇಕಾದರೆ, ಪೆಟ್ಟಿಗೆಯ ಮೂಲೆಯಲ್ಲಿರುವ ಆ ವಸ್ತುವನ್ನು ಹುಡುಕಿ ಕಟ್ಟಿಕೊಳ್ಳೋಣ. ಅಲ್ಲಿ ಮಾರ್ಷಲರಿರುವುದಿಲ್ಲ, ರಸೀತಿ ಪುಸ್ತಕವಿರುವುದಿಲ್ಲ. ಕೂಸಿಗೆ ಅದೇನೆಂಬುದೂ ತಿಳಿಯದು. ಅಂತಹ ಎಡೆಯಲ್ಲಿ ಕಟ್ಟಿದ ಬಟ್ಟೆಯ ವಿಷಯದಲ್ಲಿ ವಾದಿಸುವುದಕ್ಕೆ ಅಣ್ಣನಿಗಾಗಲಿ ತಮ್ಮನಿಗಾಗಲಿ ಏನೂ ಉಳಿಯಲಾರದೆಂದು ನಾವು ನಂಬಿದ್ದೇವೆ.